ಚಂದ್ರಲೋಕದ ಬಾನುಲಿ ನಾಟಕ: ಅಳಿದ ದನಿ, ಉಳಿದ ಪಾಠ

ಬಾನುಲಿಯ ನಾಟಕಕ್ಕೆ ಪರದೆಯಿಲ್ಲ, ಬಣ್ಣವಿಲ್ಲ, ದೀಪದ ಸಾಲಿಲ್ಲ. ರಂಗಭೂಮಿ ಎಂಬುದು ಕೇಳುವವನ ಮನಸ್ಸಿನಲ್ಲಿಯೇ ಏಳಬೇಕು. ಮನೆಯ ಮೂಲೆಯಲ್ಲಿಟ್ಟ ಪೆಟ್ಟಿಗೆಯಿಂದ ಒಂದು ಬಾಗಿಲ ಕಿರುಗುಟ್ಟುವಿಕೆ ಕೇಳಿಸಿದರೆ ಸಾಕು, ಆ ಬಾಗಿಲಿಗೆ ಚೌಕಟ್ಟನ್ನೂ ಆ ಮನೆಗೆ ಮಾಡನ್ನೂ ನಾವೇ ಕಟ್ಟಿಕೊಳ್ಳುತ್ತೇವೆ. ದಾಂಡೇಲಿಯ ಕೇಳುಗನು ಕಟ್ಟಿಕೊಂಡ ಮನೆಗೆ ಸಾಗವಾನಿಯ ಬಾಗಿಲಿರಬಹುದು. ಮುಂಡಗೋಡಿನ ಕೇಳುಗನ ಮನೆಗೆ ಹಂಚಿನ ಮಾಡಿರಬಹುದು. ನಾಟಕ ಒಂದೇ; ರಂಗಭೂಮಿಗಳು ಸಾವಿರ.

ಇಂಥ ಕಲೆಯು ಚಂದ್ರಲೋಕಕ್ಕೆ ಹೊರಟರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಕೊಟ್ಟ ನಾಟಕವೊಂದು 1953ರ ಸೆಪ್ಟೆಂಬರ್ 21ರಂದು ಲಂಡನ್ನಿನ ಬಿ.ಬಿ.ಸಿ.ಯಿಂದ ಮೊದಲು ಪ್ರಸಾರವಾಯಿತು. ಅದರ ಹೆಸರು 'ಜರ್ನಿ ಇನ್‌ಟು ಸ್ಪೇಸ್', ಎಂದರೆ ಅಂತರಿಕ್ಷ ಪ್ರಯಾಣ. ಅದು ಒಂದು ಕಂತಿಗೆ ಮುಗಿಯದೆ, ಒಂದು ಮಾಲೆಗೂ ಮುಗಿಯದೆ, ಅರ್ಧ ಶತಮಾನ ದಾಟಿ 2009ರ ವರೆಗೂ ಆಗೀಗ ಹೊಸ ಕಥೆಗಳಲ್ಲಿ ಮರುಹುಟ್ಟು ಪಡೆಯಿತು. ಆದರೆ ಅದರ ಮೊಟ್ಟಮೊದಲ ಮಾಲೆಯ ಮೂಲ ಧ್ವನಿ ಇಂದು ಯಾರಿಗೂ ಕೇಳಸಿಗದು. ಆ ಕಥೆಯನ್ನು ಇಲ್ಲಿ ಹೇಳುವ ಕಾರಣವೇನು, ಅದಕ್ಕೂ ಕಾಳೀ ನದಿಯ ದಂಡೆಯ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವುಂಟು. ಅದನ್ನು ಕ್ರಮವಾಗಿ ನೋಡೋಣ.

ಮೊದಲು ನಮ್ಮ ಮನೆಯ ಮಾತು. ಕನ್ನಡ ನಾಡಿನಲ್ಲಿ ಬಾನುಲಿಯ ಮೊದಲ ದನಿ ಎದ್ದುದು ಮೈಸೂರಿನಲ್ಲಿ, 1935ರ ಸೆಪ್ಟೆಂಬರ್ 10ರಂದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಪುಟ್ಟ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಇಂದು ಒಂದು ಕೋಣೆಯ ದೀಪಕ್ಕೆ ಬೇಕಾಗುವಷ್ಟು ವಿದ್ಯುತ್ತಿನಿಂದ ಒಂದು ನಗರಕ್ಕೆ ಮಾತು ತಲುಪಿಸಿದ ಸಾಹಸ ಅದು. 'ಆಕಾಶವಾಣಿ' ಎಂದು ಆ ಕೇಂದ್ರಕ್ಕೆ ಇಟ್ಟ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು.

ಉತ್ತರ ಕನ್ನಡದ ಘಟ್ಟದ ಮೇಲಿನ ನಾಡಿಗೆ ಮಾತ್ರ ಕನ್ನಡ ಬಾನುಲಿ ಹತ್ತಿರವಾದದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಆರಂಭವಾದಾಗ. ಆ ಕಾಲದಲ್ಲಿ ಈ ಜಿಲ್ಲೆಯೂ ಧಾರವಾಡವೂ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ದಿಲ್ಲಿಯಲ್ಲಿ ಪ್ರಸಾರ ಖಾತೆಯನ್ನು ನೋಡುತ್ತಿದ್ದವರು ಧಾರವಾಡದವರೇ ಆದ ರಂಗನಾಥ ದಿವಾಕರರು. ಧಾರವಾಡದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿಯೇ ಇರುವ ಹಳಿಯಾಳಕ್ಕೆ ಆ ದನಿ ನೆರೆಮನೆಯ ಮಾತಿನಂತೆ ಬಂದಿತು. 1955ರಲ್ಲಿ ಕಾಗದದ ಗಿರಣಿ ಸ್ಥಾಪನೆಯಾದ ಮೇಲೆ ದಾಂಡೇಲಿ ಹಲವು ಭಾಷೆಗಳ ಊರಾಯಿತು. ಅಲ್ಲಿಯ ಕೆಲಸಗಾರರ ಬಿಡಾರಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗುಗಳು ಒಂದೇ ಓಣಿಯಲ್ಲಿ ನೆಲೆಸಿದವು. ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಕುಣಬಿ ಜನರ ಕೊಂಕಣಿ. ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿಯರ ಮಾತು ಮತ್ತು ಡಮಾಮಿಯ ದನಿ. 1966ರ ತರುವಾಯ ಮುಂಡಗೋಡಿನ ಬಳಿ ಬಂದು ನೆಲೆಸಿದ ಟಿಬೇಟಿಯನ್ನರ ಪ್ರಾರ್ಥನೆ. ಕಿವಿಗೆ ಇಷ್ಟೊಂದು ಸಂಪತ್ತಿರುವ ನಾಡು ಅಪರೂಪ.

ಈ ನಾಡಿನ ಜನಕ್ಕೆ ಕೇಳಿ ನೋಡುವ ಕಲೆ ಹೊಸದೂ ಅಲ್ಲ. ಬಯಲಾಟ, ಸಣ್ಣಾಟಗಳನ್ನು ಬೆಳಗಿನ ವರೆಗೆ ಕೂತು ನೋಡುವವರಿಗೆ ತಿಳಿದೇ ಇದೆ: ಭಾಗವತನು "ಕಾಡನ್ನು ದಾಟಿದನು" ಎಂದು ಹಾಡಿದರೆ ಪಾತ್ರಧಾರಿ ಎರಡು ಸುತ್ತು ಹಾಕುತ್ತಾನೆ, ನಮಗೆ ಕಾಡು ಕಾಣುತ್ತದೆ. ಬಾನುಲಿ ನಾಟಕವು ಆ ಎರಡು ಸುತ್ತನ್ನೂ ಬಿಟ್ಟು ಕೇವಲ ದನಿಯನ್ನು ಉಳಿಸಿಕೊಂಡಿತು, ಅಷ್ಟೇ. ಕುದುರೆಯ ಗೊರಸಿಗೆ ತೆಂಗಿನ ಚಿಪ್ಪು, ಗುಡುಗಿಗೆ ತಗಡಿನ ಹಾಳೆ, ಬೆಂಕಿಗೆ ಮುದುಡಿದ ಕಾಗದ. ಇವೇ ಅದರ ವೇಷಭೂಷಣ.

ಈ ಕಲೆಗೆ ಆಕಾಶದ ಕಥೆ ಹೇಗೆ ಒಗ್ಗಿತೆಂಬುದಕ್ಕೆ ಮೊದಲ ದೊಡ್ಡ ಸಾಕ್ಷಿ ಅಮೆರಿಕದ್ದು. 1938ರ ಅಕ್ಟೋಬರ್ 30ರ ರಾತ್ರಿ ಓರ್ಸನ್ ವೆಲ್ಸ್ ಎಂಬ ತರುಣ ನಟನು ಎಚ್. ಜಿ. ವೆಲ್ಸರ 1898ರ ಕಾದಂಬರಿಯೊಂದನ್ನು ಒಂದು ಗಂಟೆಯ ಬಾನುಲಿ ನಾಟಕವಾಗಿಸಿ ಪ್ರಸಾರ ಮಾಡಿದನು. ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬಂದ ಕಥೆಯದು. ಅದನ್ನು ಅವನು ನಡುನಡುವೆ ಬರುವ ವಾರ್ತೆಗಳ ರೂಪದಲ್ಲಿ ಹೇಳಿದ್ದರಿಂದ ಕೆಲವು ಕೇಳುಗರು ನಿಜವೆಂದೇ ನಂಬಿ ಹೆದರಿದರು. ದೇಶವೇ ದಿಕ್ಕೆಟ್ಟು ಓಡಿತೆಂಬುದು ಮರುದಿನದ ಪತ್ರಿಕೆಗಳು ಹಿಗ್ಗಿಸಿ ಬರೆದ ಮಾತೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಆದರೂ ಒಂದು ಸಂಗತಿ ಮುಖ್ಯ. ಆ ನಾಟಕದ ಧ್ವನಿಮುದ್ರಣ ಉಳಿದಿದೆ. ಆದುದರಿಂದಲೇ ಪತ್ರಿಕೆಗಳ ಮಾತನ್ನು ಇಂದಿಗೂ ಮೂಲದೊಡನೆ ಒರೆಗೆ ಹಚ್ಚಿ ನೋಡಬಹುದಾಗಿದೆ. ದನಿ ಉಳಿದರೆ ಇತಿಹಾಸ ಉಳಿಯುತ್ತದೆ. ದನಿ ಅಳಿದರೆ ದಂತಕಥೆ ಮಾತ್ರ ಉಳಿಯುತ್ತದೆ.

ಈಗ 1953ಕ್ಕೆ ಬರೋಣ. 'ಜರ್ನಿ ಇನ್‌ಟು ಸ್ಪೇಸ್' ನಾಟಕವನ್ನು ಬರೆದು ನಿರ್ಮಿಸಿದವರು ಚಾರ್ಲ್ಸ್ ಚಿಲ್ಟನ್. ಇವರು 1917ರಲ್ಲಿ ಹುಟ್ಟಿದವರು. ಹದಿಹರೆಯದಲ್ಲಿಯೇ ಬಿ.ಬಿ.ಸಿ.ಯಲ್ಲಿ ಕಾಗದಪತ್ರ ಒಯ್ಯುವ ಹುಡುಗನಾಗಿ ಸೇರಿ, ಕೆಲಸ ಕಲಿಯುತ್ತ ನಿರ್ಮಾಪಕರಾದವರು. ಅದಕ್ಕೂ ಮೊದಲು ಅಮೆರಿಕದ ಕುದುರೆ ಸವಾರರ ಸಾಹಸಗಳ ಕುರಿತು ಬಾನುಲಿ ಮಾಲೆಯೊಂದನ್ನು ಬರೆದು ಹೆಸರಾಗಿದ್ದರು. ಅದೇ ಕೈ ಈಗ ಕುದುರೆಯನ್ನು ಬಿಟ್ಟು ರಾಕೆಟ್ಟನ್ನು ಹಿಡಿಯಿತು.

ಕಥೆ ನಡೆಯುವುದು 1965ರಲ್ಲಿ; ಎಂದರೆ ಕೇಳುಗರಿಗೆ ಆಗ ಇನ್ನೂ ಹನ್ನೆರಡು ವರ್ಷ ಮುಂದಿದ್ದ ಕಾಲದಲ್ಲಿ. ಆಸ್ಟ್ರೇಲಿಯದ ಬೆಂಗಾಡಿನಿಂದ 'ಲೂನಾ' ಎಂಬ ರಾಕೆಟ್ಟು ಚಂದ್ರನತ್ತ ಹಾರುತ್ತದೆ. ಅದರಲ್ಲಿ ನಾಲ್ವರು. ನಾಯಕ ಜೆಟ್ ಮಾರ್ಗನ್, ವೈದ್ಯನೂ ದಿನಚರಿ ಬರೆಯುವವನೂ ಆದ ಡಾಕ್, ಎಂಜಿನಿಯರ್ ಮಿಚ್, ಬಾನುಲಿ ಯಂತ್ರವನ್ನು ನೋಡಿಕೊಳ್ಳುವ ಲೆಮ್ಮಿ. ಮೊದಲ ಮೂವರು ಧೀರರು. ಲೆಮ್ಮಿ ಮಾತ್ರ ನಮ್ಮ ನಿಮ್ಮಂಥವನು. ಲಂಡನ್ನಿನ ಬೀದಿಮಾತನ್ನಾಡುವವನು, ಹೆದರುವವನು, ಹೆದರಿಕೆಯನ್ನು ನಗೆಚಾಟಿಕೆಯಲ್ಲಿ ಮುಚ್ಚುವವನು. ಕೇಳುಗರು ಮನಸೋತದ್ದು ಅವನಿಗೇ. ನಮ್ಮ ಆಟಗಳಲ್ಲಿ ಹಾಸ್ಯಗಾರನು ರಾಜನಿಗಿಂತ ಹೆಚ್ಚು ಜನರ ಬಾಯಲ್ಲಿ ಉಳಿಯುವುದಿಲ್ಲವೇ? ಹಾಗೆಯೇ ಇದು.

ನಾಯಕನ ಪಾತ್ರವನ್ನು ಆಂಡ್ರೂ ಫೌಲ್ಡ್ಸ್ ವಹಿಸಿದ್ದರು. ಲೆಮ್ಮಿಯಾಗಿ ಡೇವಿಡ್ ಕೊಸಾಫ್. ಸಂಗೀತ ವಾನ್ ಫಿಲಿಪ್ಸರದು. ಡೇವಿಡ್ ಜೇಕಬ್ಸ್ ಎಂಬವರು ನಾಟಕದ ಹೆಸರನ್ನು ಸಾರುವುದರ ಜೊತೆಗೆ ಸಣ್ಣಪುಟ್ಟ ಅನೇಕ ಪಾತ್ರಗಳಿಗೂ ದನಿ ಕೊಟ್ಟರು. ಒಬ್ಬನೇ ನಟ ಕಂಠವನ್ನು ಬದಲಿಸಿ ಹತ್ತಾರು ಮಂದಿಯಾಗುವುದು ಬಾನುಲಿಯಲ್ಲಿ ಮಾತ್ರ ಸುಲಭ.

ಇನ್ನು ಇದರಲ್ಲಿಯ ವಿಜ್ಞಾನವನ್ನು ಗಮನಿಸಿರಿ. ಚಂದ್ರನಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದಲ್ಲಿ ಶಬ್ದವಿಲ್ಲ. ಕಲ್ಲಿನ ಮೇಲೆ ಕಲ್ಲು ಬಿದ್ದರೂ ಸದ್ದಾಗದ ಲೋಕವದು. ಕೇವಲ ಶಬ್ದದಿಂದ ಬದುಕುವ ಕಲೆಯು ಶಬ್ದವೇ ಇಲ್ಲದ ಜಾಗಕ್ಕೆ ಹೋದರೆ ಕೇಳುಗನಿಗೆ ಏನನ್ನು ಕೇಳಿಸಬೇಕು? ಇದಕ್ಕೆ ಉತ್ತರ ಬಾನುಲಿಯೇ. ಶಬ್ದದ ಅಲೆಗೆ ಗಾಳಿ ಬೇಕು. ಬಾನುಲಿಯ ಅಲೆಗೆ ಬೇಡ. ಅದು ಬರಿದಾದ ಅವಕಾಶದಲ್ಲಿ ಬೆಳಕಿನ ವೇಗದಲ್ಲಿಯೇ ಸಾಗುತ್ತದೆ. ಚಂದ್ರನಿಗಿರುವ ಸುಮಾರು 3,84,000 ಕಿಲೋಮೀಟರ್ ದೂರವನ್ನು ಒಂದೂಕಾಲು ಸೆಕೆಂಡಿನಲ್ಲಿ ಮುಟ್ಟುತ್ತದೆ. ಆದುದರಿಂದ ಗಗನಯಾತ್ರಿಗಳು ತಮ್ಮ ಶಿರಸ್ತ್ರಾಣದೊಳಗಿನ ಬಾನುಲಿಯ ಮೂಲಕವೇ ಒಬ್ಬರೊಡನೊಬ್ಬರು ಮಾತಾಡಬೇಕು. ಕೇಳುಗನು ತನ್ನ ಪೆಟ್ಟಿಗೆಯ ಮುಂದೆ ಕುಳಿತು ಕೇಳುವಂತೆಯೇ ನಾಟಕದ ಪಾತ್ರಗಳೂ ಒಬ್ಬರನ್ನೊಬ್ಬರು ಕೇಳುತ್ತಾರೆ. ಕೇಳುಗನಿಗೂ ಪಾತ್ರಕ್ಕೂ ನಡುವಣ ಗೋಡೆ ಹೀಗೆ ಕರಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಚಂದ್ರನ ಹಿಂಬದಿಗೆ ಹೋದ ನೌಕೆಗೆ ಭೂಮಿಯ ಮಾತು ಕೇಳಿಸದು. ನಡುವೆ ಚಂದ್ರನೇ ಅಡ್ಡ ನಿಂತಿರುತ್ತದೆ. ಘಟ್ಟದ ಆಚೆ ಬದಿಯ ಕಣಿವೆಯಲ್ಲಿ ಸ್ಟೇಶನ್ನು ಹಿಡಿಯದೆ ಗುಬುಟನ್ನು ತಿರುವಿ ಬೇಸತ್ತ ಜೋಯಿಡಾ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಆ ಹಿಂಬದಿಯನ್ನು ಯಾವ ಮನುಷ್ಯನೂ ಕಂಡಿರಲಿಲ್ಲ. ರಶಿಯದ 'ಲೂನಾ 3' ನೌಕೆ ಅದರ ಚಿತ್ರ ತೆಗೆದದ್ದು 1959ರ ಅಕ್ಟೋಬರಿನಲ್ಲಿ. ಕಂಡಿಲ್ಲದ ಜಾಗದಲ್ಲಿ ಕಥೆಗಾರನಿಗೆ ಸ್ವಾತಂತ್ರ್ಯವಿರುತ್ತದೆ. ಚಿಲ್ಟನ್ನರು ಅದನ್ನು ಚೆನ್ನಾಗಿ ಬಳಸಿದರು. ಲೆಮ್ಮಿಯ ಬಾನುಲಿಯಲ್ಲಿ ಭೂಮಿಯದಲ್ಲದ ವಿಚಿತ್ರ ಸಂಗೀತವೊಂದು ಕೇಳಿಸುತ್ತದೆ. ನೌಕೆಯ ವಿದ್ಯುತ್ತು ಕೆಡುತ್ತದೆ. ಕೊನೆಗೆ ಈ ನಾಲ್ವರು ದೇಶದಲ್ಲಷ್ಟೇ ಅಲ್ಲ, ಕಾಲದಲ್ಲಿಯೂ ದಾರಿ ತಪ್ಪಿ, ಸಾವಿರಾರು ವರ್ಷ ಹಿಂದಿನ ಭೂಮಿಗೆ ಬಂದಿಳಿಯುತ್ತಾರೆ.

ಚಂದ್ರನ ಮೇಲೆ ಮನುಷ್ಯನು ನಿಜವಾಗಿ ಕಾಲಿಟ್ಟದ್ದು 1969ರ ಜುಲೈ 20ರಂದು. ನಾಟಕಕಾರನ ಲೆಕ್ಕ ನಾಲ್ಕೇ ವರ್ಷ ತಪ್ಪಿತು. 1953ರಲ್ಲಿ ಒಂದು ಕೃತಕ ಉಪಗ್ರಹವೂ ಆಕಾಶದಲ್ಲಿರಲಿಲ್ಲವೆಂಬುದನ್ನು, ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ನಮ್ಮ ದೇಶದ ತುಂಬಾದಿಂದ ಮೊದಲ ರಾಕೆಟ್ಟು ಹಾರಿದ್ದು 1963ರ ನವೆಂಬರ್ 21ರಂದು. ನಮ್ಮ ಚಂದ್ರಯಾನ 3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23ರಂದು.

ಮೊದಲ ಮಾಲೆ 18 ಕಂತುಗಳಲ್ಲಿ ಮುಗಿಯಿತು. ಜನ ಬಿಡಲಿಲ್ಲ. ಮಂಗಳ ಗ್ರಹಕ್ಕೆ ಹೋಗುವ ಎರಡನೆಯ ಮಾಲೆ 1954ರಲ್ಲಿಯೂ, ಮೂರನೆಯದು 1955ರಲ್ಲಿಯೂ ಆರಂಭವಾದುವು. ಇಂಗ್ಲೆಂಡಿನಲ್ಲಿ ಸಂಜೆಯ ಹೊತ್ತು ದೂರದರ್ಶನಕ್ಕಿಂತ ಹೆಚ್ಚು ಜನರನ್ನು ಸೆಳೆದ ಕಟ್ಟಕಡೆಯ ಬಾನುಲಿ ಕಾರ್ಯಕ್ರಮವೆಂಬ ಹೆಸರೂ ಈ ನಾಟಕಕ್ಕಿದೆ. ಒಂದು ಯುಗದ ಮುಸ್ಸಂಜೆಯಲ್ಲಿ ಹಚ್ಚಿದ ದೊಡ್ಡ ದೀಪ ಅದು.

ಇಷ್ಟು ಜನಪ್ರಿಯವಾದ ನಾಟಕವನ್ನು ಜೋಪಾನವಾಗಿ ಕಾದಿಟ್ಟಿರಬೇಕೆಂದು ನೀವು ಎಣಿಸುವಿರಿ. ಆಗಿದ್ದು ಬೇರೆ. 1958ರಲ್ಲಿ ಪರದೇಶದ ಕೇಂದ್ರಗಳಿಗೆ ಕಳುಹಿಸಲು ಮೊದಲ ಮಾಲೆ ಬೇಕಾಯಿತು. ಹುಡುಕಿದರೆ ಮೂಲ ಧ್ವನಿಮುದ್ರಣಗಳು ಅಳಿಸಿಹೋಗಿದ್ದುವು. ಐದೇ ವರ್ಷದಲ್ಲಿ! ಚಿಲ್ಟನ್ನರು ನಟರನ್ನು ಮತ್ತೆ ಕೂಡಿಸಿ, ಭೂಮಿಯ ಮೇಲೆಯೇ ನಡೆಯುತ್ತಿದ್ದ ಮೊದಲ ಕಂತುಗಳ ಬಹುಭಾಗವನ್ನು ಬಿಟ್ಟು, 13 ಕಂತುಗಳಲ್ಲಿ ಹೊಸದಾಗಿ ಮುದ್ರಿಸಿದರು. 'ಆಪರೇಷನ್ ಲೂನಾ' ಎಂದು ಅದಕ್ಕೆ ಹೆಸರಾಯಿತು. ಲೆಮ್ಮಿಯ ಪಾತ್ರಕ್ಕೆ ಈ ಸಲ ಬಂದವರು ಆಲ್ಫಿ ಬಾಸ್. ಮುಂದೆ ಈ ಮುದ್ರಣಗಳೂ ಕಣ್ಮರೆಯಾದುವು. 1986ರಲ್ಲಿ ಬೇರೆ ಯಾವುದೋ ಸಾಲಿನಲ್ಲಿ ತಪ್ಪಿ ಇಟ್ಟಿದ್ದ ತಟ್ಟೆಗಳ ಕಟ್ಟೊಂದು ಸಿಕ್ಕಿತು. ಮೂರೂ ಮಾಲೆಗಳು ಅದರಲ್ಲಿದ್ದುವು. ಇಂದು ಜಗತ್ತು ಕೇಳುತ್ತಿರುವುದು ಆ ತಟ್ಟೆಗಳ ದನಿಯನ್ನೇ. ಆದರೆ 1953ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮನೆಗಳವರು ಕೇಳಿ ಬೆಕ್ಕಸ ಬೆರಗಾದ ಆ ಮೊದಲ ದನಿ, ಕೊಸಾಫರ ಆ ಮೊದಲ ಲೆಮ್ಮಿ, ಅದರಲ್ಲಿಲ್ಲ.

ಇದನ್ನು ಯಾರದೋ ಅಲಕ್ಷ್ಯವೆಂದು ಬೈದರೆ ನ್ಯಾಯವಾಗದು. ಆ ಕಾಲದಲ್ಲಿ ಟೇಪು ದುಬಾರಿ. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಎಲ್ಲ ದೇಶಗಳ ಬಾನುಲಿಯಲ್ಲಿ ನಡೆದ ರೂಢಿ. ನಾಟಕವೆಂದರೆ ಆಡಿ ಮುಗಿಸುವ ವಸ್ತು, ಇಟ್ಟು ಕಾಯುವ ವಸ್ತುವಲ್ಲ ಎಂಬ ಭಾವನೆಯೂ ಇತ್ತು. ಎಷ್ಟೋ ನಾಟಕಗಳು ನೇರವಾಗಿ ಪ್ರಸಾರವಾಗಿ, ಕೊನೆಯ ಮಾತಿನೊಡನೆ ಗಾಳಿಯಲ್ಲಿ ಸೇರಿಹೋಗುತ್ತಿದ್ದುವು. ನಮ್ಮ ಸ್ಥಿತಿಯೂ ಭಿನ್ನವಲ್ಲ. ಧಾರವಾಡ ಕೇಂದ್ರಕ್ಕೆ 1956ರಿಂದ ವರಕವಿ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು. 'ಎನ್ಕೆ' ಎಂದು ಕನ್ನಡಿಗರಿಗೆಲ್ಲ ಪರಿಚಿತರಾದ ಎನ್. ಕೆ. ಕುಲಕರ್ಣಿಯವರು ಅಲ್ಲಿಯೇ ಕೆಲಸ ಮಾಡುತ್ತ ಬಾನುಲಿ ನಾಟಕಗಳನ್ನು ಬರೆದರು. ಬೇರೆ ಭಾಷೆಗಳ ನಾಟಕಗಳು 1956ರಲ್ಲಿ ಮೊದಲಾದ ರಾಷ್ಟ್ರೀಯ ನಾಟಕ ಕಾರ್ಯಕ್ರಮದ ಮೂಲಕ ಕನ್ನಡಕ್ಕೆ ಬಂದುವು. ಆ ಮೊದಲ ವರ್ಷಗಳ ದನಿಗಳನ್ನು ನೆನಪಿನಿಂದ ಹೇಳಬಲ್ಲ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಚಿಲ್ಟನ್ನರಿಗೆ ತಮ್ಮ ನಾಟಕವನ್ನು ಐದು ವರ್ಷದ ಮೇಲೆ ಮತ್ತೆ ಆಡಿಸುವ ಅವಕಾಶ ಸಿಕ್ಕಿತು; ಬರಹ ಕೈಯಲ್ಲಿತ್ತು, ನಟರು ಬದುಕಿದ್ದರು. ನಮಗೆ ಆ ಅವಕಾಶ ಎಷ್ಟು ಕಾಲ ಇದ್ದೀತು?

ಈ ಪ್ರಶ್ನೆ ಜೋಯಿಡಾ ತಾಲೂಕಿನವರಿಗೆ ಇನ್ನಷ್ಟು ಚೆನ್ನಾಗಿ ಅರ್ಥವಾದೀತು. ಆ ತಾಲೂಕಿನ ಮೊದಲ ಹೆಸರು ಸೂಪಾ. ಕಾಳೀ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ 1987ರಲ್ಲಿ ಮುಗಿಸಿದಾಗ ಸೂಪಾ ಪಟ್ಟಣ ನೀರಿನಡಿ ಸೇರಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿತು. ನೆಲೆ ಕಳೆದುಕೊಂಡ ಅನೇಕರು ರಾಮನಗರದಲ್ಲಿ ಹೊಸದಾಗಿ ಮನೆ ಹೂಡಿದರು. ನಾಡಿಗೆ ವಿದ್ಯುತ್ತು ಬಂದಿತು, ಅದರಿಂದ ನಮ್ಮ ಬಾನುಲಿಗಳೂ ಮಾತಾಡಿದುವು. ಮುಳುಗಿದ ಊರಿನ ಮನೆಗಳ ಲೆಕ್ಕ ಸರಕಾರದ ಕಾಗದದಲ್ಲಿರುತ್ತದೆ, ಪರಿಹಾರ ಕೊಡಲು ಅದು ಬೇಕು. ಆದರೆ ಆ ಊರಿನ ಸಂತೆಯ ಗದ್ದಲ, ಗುಡಿಯ ಗಂಟೆಯ ನಾದ, ದೋಣಿಯವನ ಕೂಗು, ಕನ್ನಡ ಕೊಂಕಣಿ ಬೆರೆತ ಅಲ್ಲಿಯ ಮಾತಿನ ಧಾಟಿ, ಇವುಗಳ ಲೆಕ್ಕ ಯಾವ ಕಾಗದದಲ್ಲಿಯೂ ಬರೆಯಲು ಬಾರದು. ಅದನ್ನು ಹಿಡಿಯಬಲ್ಲದ್ದು ಧ್ವನಿಮುದ್ರಣವೊಂದೇ.

ಆದುದರಿಂದ ಬಾನುಲಿ ಇಟ್ಟ ಮನೆಗಳವರಾದ ನಿಮ್ಮಲ್ಲಿ ಒಂದು ವಿಜ್ಞಾಪನೆ. ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ನೋಡಿರಿ. ಮದುವೆಯ ಸಂದರ್ಭಕ್ಕೆಂದು ತಂದ ಟೇಪ್ ರೆಕಾರ್ಡರಿನಲ್ಲಿ ಯಾರೋ ಬಾನುಲಿಯ ನಾಟಕವನ್ನು ಹಿಡಿದಿಟ್ಟಿರಬಹುದು. ಅಜ್ಜಿಯ ಬೀಸುವ ಪದ, ಸಿದ್ದಿಯರ ಡಮಾಮಿ, ಊರಿನ ಆಟದ ಒಂದು ರಾತ್ರಿ, ದಾಂಡೇಲಿಯ ಗಿರಣಿ ಕೆಲಸಗಾರರು ಆಡಿದ ಒಂದು ನಾಟಕ, ಇಂಥದೇನಾದರೂ ಕ್ಯಾಸೆಟ್ಟಿನಲ್ಲಿ ಇರಬಹುದು. ಬಾನುಲಿಯಲ್ಲಿ ಪಾತ್ರ ವಹಿಸಿದವರ ಮನೆಯಲ್ಲಿ ನಾಟಕದ ಕೈಬರಹದ ಪ್ರತಿ ಇರಬಹುದು. ಅದನ್ನು ರದ್ದಿಗೆ ಹಾಕಬೇಡಿರಿ.

ಕಾಪಾಡುವ ಬಗೆಯೂ ಕಠಿನವಲ್ಲ. ನಮ್ಮ ಮಲೆನಾಡಿನ ಮಳೆಗಾಲವೇ ಟೇಪಿಗೆ ದೊಡ್ಡ ವೈರಿ. ತೇವದಿಂದ ಅದರ ಮೇಲೆ ಬೂಸಲು ಬೆಳೆಯುತ್ತದೆ. ಒಣಗಿದ, ತಂಪಾದ, ಬಿಸಿಲು ಬೀಳದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿರಿ. ಅಯಸ್ಕಾಂತವಿರುವ ವಸ್ತುಗಳ ಬಳಿ, ಅಂದರೆ ದೊಡ್ಡ ಧ್ವನಿವರ್ಧಕದ ಪಕ್ಕದಲ್ಲಿ, ಇಡಬೇಡಿರಿ. ಟೇಪಿನ ಮೇಲಿನ ಬರಹವೆಲ್ಲ ಅಯಸ್ಕಾಂತದ ಬರಹವೇ ಆದುದರಿಂದ ಅಯಸ್ಕಾಂತವೇ ಅದನ್ನು ಅಳಿಸಬಲ್ಲದು. ಬೂಸಲು ಹಿಡಿದ ಅಥವಾ ಅಂಟಿಕೊಂಡ ಟೇಪನ್ನು ಆಸೆಯಿಂದ ಒಮ್ಮೆ ಹಾಕಿ ನೋಡೋಣವೆಂದು ಯಂತ್ರಕ್ಕೆ ಕೊಡಬೇಡಿರಿ; ತಿಳಿದವರ ಕೈಗೆ ಕೊಡಿರಿ. ಚೆನ್ನಾಗಿರುವುದನ್ನು ಈಗಿನ ಗಣಕಯಂತ್ರಕ್ಕೆ ಪ್ರತಿಮಾಡಿಸಿ ಎರಡು ಕಡೆ ಇಟ್ಟುಕೊಳ್ಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಯಾವ ಊರಿನ ದನಿ, ಯಾರದು, ಯಾವ ವರ್ಷದ್ದು ಎಂದು ಡಬ್ಬಿಯ ಮೇಲೆ ಬರೆಯಿರಿ. ಹೆಸರಿಲ್ಲದ ಡಬ್ಬಿ ಇದ್ದೂ ಇಲ್ಲದಂತೆ. ಆ ಚಂದ್ರಲೋಕದ ನಾಟಕವೂ ಎಷ್ಟೋ ವರ್ಷ ಕಪಾಟಿನಲ್ಲಿಯೇ ಇತ್ತು. ತಪ್ಪಿದ ಸಾಲಿನಲ್ಲಿದ್ದ ಕಾರಣ ಯಾರಿಗೂ ಇರಲಿಲ್ಲ.

ಟೇಪು ಇಲ್ಲದವರು ಮಾಡಬಹುದಾದ ಕೆಲಸವೂ ಇದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ಕೇಳಿದ ನಾಟಕಗಳ ನೆನಪನ್ನು ಅವರದೇ ಮಾತಿನಲ್ಲಿ ಹೇಳಿಸಿ ಮುದ್ರಿಸಿಕೊಳ್ಳಿರಿ. ಈಗ ಪ್ರತಿಯೊಬ್ಬರ ಕಿಸೆಯಲ್ಲಿಯೂ ಇರುವ ದೂರವಾಣಿ ಅದಕ್ಕೆ ಸಾಕು. 1935ರಲ್ಲಿ ಗೋಪಾಲಸ್ವಾಮಿಯವರ ಬಳಿ ಇಷ್ಟು ಅನುಕೂಲ ಇರಲಿಲ್ಲ. 1953ರಲ್ಲಿ ಚಿಲ್ಟನ್ನರ ಬಳಿಯೂ ಇರಲಿಲ್ಲ.

ಚಂದ್ರನಿಗೆ ಹೋದ ದನಿ ಮರಳಿ ಬರಲು ಎರಡೂವರೆ ಸೆಕೆಂಡು ಸಾಕು. ಟೇಪಿನಿಂದ ಒಮ್ಮೆ ಅಳಿಸಿದ ದನಿ ಮಾತ್ರ ಎಷ್ಟು ಕಾಲ ಕಾದರೂ ಮರಳದು. ಈ ಮಳೆಗಾಲ ಹಿಡಿಯುವುದರೊಳಗೆ ಅಟ್ಟದ ಮೇಲಿನ ಆ ಟ್ರಂಕನ್ನೊಮ್ಮೆ ಇಳಿಸಿ ನೋಡಿರಿ.